ಗೆದ್ದ ಮರುದಿನ ಹುಡುಗನ ಭವಿಷ್ಯ ತೂಗುವುದು ಹೇಗೆ

2022ರಲ್ಲಿ ಯುಗಾದಿ ಏಪ್ರಿಲ್ 2ರ ಶನಿವಾರ ಬಂದಿತ್ತು. ಮರುದಿನ ನಸುಕಿನಲ್ಲೇ ಎದ್ದು, ಆರೂಕಾಲಿನ ಹೊತ್ತಿಗೆ ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಐದು ಜನ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ಹಬ್ಬದ ಬೇವು ಇನ್ನೂ ಅರ್ಧ ತಂಬಿಗೆ ಉಳಿದಿತ್ತು, ಅದನ್ನೇ ಕುಡಿಯುತ್ತಿದ್ದೆವು. ಅಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಶನಿವಾರ ರಾತ್ರಿ, ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಸೆಮಿಫೈನಲ್. ಡ್ಯೂಕ್ ಮತ್ತು ನಾರ್ತ್ ಕ್ಯಾರೊಲೈನಾ, ಹದಿನಾರು ಕಿಲೋಮೀಟರ್ ಆಸುಪಾಸಿನ ಅಂತರದಲ್ಲಿರುವ ಎರಡು ವಿಶ್ವವಿದ್ಯಾಲಯಗಳು. 1920ರಿಂದ ಒಬ್ಬರ ಮೇಲೊಬ್ಬರು ಆಡುತ್ತ ಬಂದಿದ್ದರೂ ರಾಷ್ಟ್ರೀಯ ಟೂರ್ನಿಯಲ್ಲಿ ಎದುರಾದದ್ದು ಅದೇ ಮೊದಲು. ಡ್ಯೂಕ್ ತಂಡವನ್ನು 1980ರಿಂದ ನಡೆಸಿದ ಕೋಚ್ ಶಶೆವ್‌ಸ್ಕಿ ಅವರಿಗೆ ಸೋತರೆ ಅದೇ ಕೊನೆಯ ಪಂದ್ಯ.

ಮುಕ್ಕಾಲು ನಿಮಿಷ ಉಳಿದಿತ್ತು, ಕ್ಯಾರೊಲೈನಾ ಒಂದು ಪಾಯಿಂಟ್ ಮುಂದೆ. ಡ್ಯೂಕ್‌ನ ಏಳಡಿ ಹುಡುಗ ಮಾರ್ಕ್ ವಿಲಿಯಮ್ಸ್ ಫೌಲಿಗೆ ಸಿಕ್ಕ ಎರಡು ಫ್ರೀ ಥ್ರೋ ಹಾಕಲು ನಿಂತ. ಎರಡೂ ತಪ್ಪಿದವು. ಮುಂದಿನ ಪಾಳಿಯಲ್ಲಿ ಕ್ಯಾರೊಲೈನಾದ ಕೇಲೆಬ್ ಲವ್ ಅದೇ ವಿಲಿಯಮ್ಸ್‌ನ ಚಾಚಿದ ಕೈ ಮೇಲಿಂದ ಮೂರು ಪಾಯಿಂಟ್ ಹೊಡೆದ. 81–77. ಲವ್ ಒಬ್ಬನದೇ 28.

ನಾನು ಕ್ಯಾರೊಲೈನಾ ಕಡೆಯವನು. ಅಕ್ಕನ ಮಗ ಅಲ್ಲೇ ಹತ್ತಿರದ ರಾಲಿಯಲ್ಲಿ ಎಂಎಸ್ ಓದುವಾಗ ಹಚ್ಚಿದ ಹುಚ್ಚು ಅದು. ಎದ್ದು ನಿಂತು ಕೂಗಿದೆ: "ಈ ಹುಡುಗ ಡ್ರಾಫ್ಟ್‌ನ್ಯಾಗ ಮೊದಲ ಹತ್ತರೊಳಗ ಹೋಗ್ತಾನ. ಬರೆದಿಟ್ಕೊಳ್ರಿ!" ಡ್ರಾಫ್ಟ್ ಅಂದರೆ ಎನ್‌ಬಿಎ ಎಂಬ ಅಮೆರಿಕದ ವೃತ್ತಿಪರ ಲೀಗಿನ ತಂಡಗಳು ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವುದು.

ನಮ್ಮಲ್ಲಿ ಒಬ್ಬರು ನಿವೃತ್ತ ಪಿಟಿ ಮಾಸ್ತರರು, ನನಗೆ ಕಾಲೇಜಿಗೂ ಮುಂಚೆ ಚೆಂಡು ಹಿಡಿಯಲು ಕಲಿಸಿದವರು. ಅವರು ಡ್ಯೂಕ್ ಕಡೆ. ಸೋತ ಮುಖದಲ್ಲೇ ನನ್ನ ಕಿರ್ದಿ ಪುಸ್ತಕ ನನ್ನ ಮುಂದೆ ಸರಿಸಿದರು. "ಬರಿ ತಮ್ಮಾ. ತಾರೀಖ ಹಾಕಿ ಬರಿ. ಆದ್ರ ಒಂದು ಮಾತ ನೆನಪಿಟ್ಕೊ, ಗೆದ್ದದ್ದು ಟೀಮು. ನೌಕರಿ ಸಿಗೋದು ಹುಡುಗಗ."

ಬರೆದೆ. ಎರಡೇ ದಿನಕ್ಕೆ, ಕಾನ್ಸಾಸ್ ವಿರುದ್ಧದ ಫೈನಲ್‌ನಲ್ಲಿ ಅದೇ ಲವ್ 24 ಸಲ ಹೊಡೆದು 5 ಮಾತ್ರ ಹಾಕಿದ. ಮೊದಲರ್ಧದಲ್ಲಿ 15 ಪಾಯಿಂಟ್ ಮುಂದಿದ್ದ ಕ್ಯಾರೊಲೈನಾ 72–69ಕ್ಕೆ ಸೋತಿತು. ಜೂನ್‌ನಲ್ಲಿ ಡ್ರಾಫ್ಟ್ ನಡೆಯಿತು. ಸೋತ ಡ್ಯೂಕ್ ತಂಡದಿಂದ ಐದು ಹುಡುಗರ ಹೆಸರು ಕರೆದರು: ಪಾವ್ಲೊ ಬಾಂಕೆರೊ ಇಡೀ ಡ್ರಾಫ್ಟ್‌ಗೇ ಮೊದಲನೆಯವ, ಆ ಎರಡು ಫ್ರೀ ಥ್ರೋ ತಪ್ಪಿಸಿದ ವಿಲಿಯಮ್ಸ್ 15ನೆಯವ, ಎಜೆ ಗ್ರಿಫಿನ್ 16, ವೆಂಡೆಲ್ ಮೂರ್ 26, ಟ್ರೆವರ್ ಕೀಲ್ಸ್ 42. ಗೆದ್ದ ಕ್ಯಾರೊಲೈನಾದ ಮೊದಲ ಐವರಲ್ಲಿ ಆ ವರ್ಷ ಒಬ್ಬನ ಹೆಸರೂ ಇಲ್ಲ. ಆ ವರ್ಷ ಬಿಡಿ, ಮುಂದೆ ಯಾವ ವರ್ಷವೂ ಬರಲಿಲ್ಲ. ಮ್ಯಾನಿಕ್ 2022ರಲ್ಲಿ, ಬ್ಲ್ಯಾಕ್ 2023ರಲ್ಲಿ, ಬೇಕಾಟ್ 2024ರಲ್ಲಿ, ಡೇವಿಸ್ ಮತ್ತು ಲವ್ 2025ರಲ್ಲಿ, ಐವರೂ ಹೆಸರು ಕರೆಸಿಕೊಳ್ಳದೆ ಹೊರಬಂದರು.

ಆ ಪುಟ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಕಲಕುತ್ತದೆ. ನಾನು ಕಪನೂರಿನ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ನೆಹರು ಗಂಜಿನಲ್ಲಿ ತೊಗರಿ ಕೊಳ್ಳುವಾಗ ಚೀಲದ ಬಾಯಿ ಬಿಚ್ಚಿ ಮೇಲಿನ ಕಾಳಷ್ಟೇ ನೋಡಿ ಯಾರೂ ದರ ಹೇಳುವುದಿಲ್ಲ. ಚೀಲದ ಹೊಟ್ಟೆಗೆ ಕೊಳವೆ ಚುಚ್ಚಿ ಒಳಗಿನದನ್ನು ಅಂಗೈಗೆ ಸುರಿದುಕೊಂಡು ನೋಡುತ್ತಾರೆ. ಅದು ಗೊತ್ತಿದ್ದ ನಾನೇ ಆಟದಲ್ಲಿ ಮೇಲಿನ ಕಾಳು ನೋಡಿ ದರ ಕೂಗಿದ್ದೆ. ಅಂದಿನಿಂದ ನಮ್ಮ ಕೋಣೆಯಲ್ಲಿ ಒಂದು ಪದ್ಧತಿ ಬೆಳೆದಿದೆ. ನಿಮ್ಮಲ್ಲೂ ನಾಲ್ಕು ಜನ ಸೇರಿ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುವವರಿದ್ದರೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮೊದಲನೆಯದು, ಗೆದ್ದ ದಿನ ಬರೀ ಬರೆಯಿರಿ. ಸಂತೋಷಪಡಿ, ಕೂಗಿ, ಮಿರ್ಚಿ ಭಜಿ ತರಿಸಿ. ಅನಿಸಿದ್ದನ್ನೆಲ್ಲ ತಾರೀಖು ಹಾಕಿ ಬರೆದಿಡಿ. ತೀರ್ಮಾನ ಮಾತ್ರ ಒಂದು ವಾರ ತಡೆಯಿರಿ. ಸಮಯದ ಲೆಕ್ಕ ಗೊತ್ತಿರಲಿ: ಫೆಬ್ರವರಿಯಲ್ಲಿ ಅವರ ಪೂರ್ವ ತೀರ ನಮಗಿಂತ ಹತ್ತೂವರೆ ತಾಸು ಹಿಂದೆ. ಅಲ್ಲಿ ಶನಿವಾರ ಸಂಜೆ ಆರೂವರೆಯ ಪಂದ್ಯ ನಮಗೆ ಭಾನುವಾರ ಬೆಳಗಿನ ಐದು ಗಂಟೆ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಮುಂದೆ ಮಾಡುತ್ತಾರೆ, ಆಮೇಲೆ ಒಂಬತ್ತೂವರೆ ತಾಸು. ಇದನ್ನು ಮರೆತು ಒಂದು ತಾಸು ತಡವಾಗಿ ಕೂತರೆ ಮೊದಲರ್ಧ ಹೋಯಿತು. ನಸುಕಿನಲ್ಲಿ ಎದ್ದ ಕಣ್ಣಿಗೆ, ಗೆಲುವಿನ ಅಮಲಿಗೆ, ಎಲ್ಲ ಹುಡುಗರೂ ದೊಡ್ಡವರಾಗಿಯೇ ಕಾಣುತ್ತಾರೆ.

ಎರಡನೆಯದೇ ಮುಖ್ಯ, ಅದಕ್ಕೆ ತಾಳ್ಮೆ ಬೇಕು. ವಾರದೊಳಗೆ ಅದೇ ಪಂದ್ಯವನ್ನು ಮತ್ತೊಮ್ಮೆ ನೋಡಿ, ಚೆಂಡನ್ನು ನೋಡಬೇಡಿ. ಒಬ್ಬ ಹುಡುಗನನ್ನು ಆರಿಸಿಕೊಂಡು ಇಪ್ಪತ್ತು ಪಾಳಿ ಅವನನ್ನೇ ನೋಡಿ. ಒಂದು ತಂಡದ ಕೈಯಲ್ಲಿ ಚೆಂಡಿರುವಷ್ಟು ಹೊತ್ತನ್ನು ನಾವು ಪಾಳಿ ಅನ್ನುತ್ತೇವೆ. ಹತ್ತು ಪಾಳಿ ಅವನ ತಂಡ ಆಡುವಾಗ, ಹತ್ತು ಪಾಳಿ ಎದುರಿನವರು ಆಡುವಾಗ.

ಅವನ ತಂಡದ ಕೈಯಲ್ಲಿ ಚೆಂಡಿದ್ದು ಅವನ ಕೈಯಲ್ಲಿ ಇಲ್ಲದಾಗ ಏನು ಮಾಡುತ್ತಾನೆ? ಮೂಲೆಯಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾನೋ, ತನ್ನನ್ನು ಕಾಯುವವನ ಕಣ್ಣು ತಪ್ಪಿದೊಡನೆ ಜಾಗ ಬದಲಿಸುತ್ತಾನೋ? ಕಾಲೇಜಿನಲ್ಲಿ ಪ್ರತಿ ಪಾಳಿಗೂ ಚೆಂಡು ಮುಟ್ಟುವ ಹುಡುಗ ಮೇಲಿನ ಆಟಕ್ಕೆ, ಅಂದರೆ ಎನ್‌ಬಿಎಗೆ, ಹೋದಾಗ ಅಲ್ಲಿ ಚೆಂಡು ಬೇರೆಯವರದು. ಬಹುತೇಕ ಹುಡುಗರು ಅಲ್ಲಿ ಚೆಂಡಿಲ್ಲದೆ ಆಡುವುದನ್ನು ಹೊಸದಾಗಿ ಕಲಿಯಬೇಕು. ಎದುರಿನವರು ಆಡುವಾಗ ಅವನ ಕಾಲು ನೋಡಿ. ಮೊದಲ ಹೆಜ್ಜೆಗೆ ಪಕ್ಕಕ್ಕೆ ಸರಿದು ತಡೆಯುತ್ತಾನೋ, ದಾಟಿ ಹೋದ ಮೇಲೆ ಹಿಂದಿನಿಂದ ಕೈ ಹಾಕುತ್ತಾನೋ? ಸ್ಕ್ರೀನ್ ಬಂದಾಗ, ಅಂದರೆ ಎದುರಿನವನೊಬ್ಬ ದಾರಿಗೆ ಅಡ್ಡ ನಿಂತಾಗ, ಜೊತೆಗಾರನಿಗೆ ಬಾಯಿ ಬಿಟ್ಟು ಹೇಳುತ್ತಾನೋ? ಆವಾಜು ನಮಗೆ ಕೇಳದಿದ್ದರೂ ತುಟಿ, ಕೈಸನ್ನೆ ಕಾಣುತ್ತವೆ.

2022ರ ಆ ಪಂದ್ಯವನ್ನು ಹೀಗೆ ಎರಡನೇ ಸಲ ನೋಡಿದಾಗ ನನಗೆ ಕಂಡವನು ಲೀಕಿ ಬ್ಲ್ಯಾಕ್. ಮೊದಲ ಸಲ ಅವನು ಆಡಿದ್ದೇ ನನ್ನ ನೆನಪಿನಲ್ಲಿರಲಿಲ್ಲ. ಎದುರಾಳಿಯ ಒಬ್ಬೊಬ್ಬ ಒಳ್ಳೆಯ ಆಟಗಾರನ ಬೆನ್ನಿಗೆ ಅಂಟಿಕೊಂಡೇ ಇದ್ದ. ಡ್ರಾಫ್ಟ್‌ನಲ್ಲಿ ಅವನ ಹೆಸರು ಬಾರದಿದ್ದರೂ ಷಾರ್ಲಟ್ ತಂಡ ಕರೆದುಕೊಂಡದ್ದು ಆ ಗುಣಕ್ಕೇ.

ಮೂರನೆಯದು ಅಂಗಳದ ಅಳತೆ. ಇದನ್ನು ಬಿಟ್ಟು ಮಾತಾಡುವವರೇ ಹೆಚ್ಚು, ಅದಕ್ಕೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಎರಡೂ ಕಡೆ ಅಂಗಳ 94 ಅಡಿ ಉದ್ದ, 50 ಅಡಿ ಅಗಲ. ರಿಂಗ್ 10 ಅಡಿ ಎತ್ತರ. ಅಲ್ಲಿಗೆ ಸಾಮ್ಯ ಮುಗಿಯಿತು. ಕಾಲೇಜು ಪುರುಷರ ಆಟದಲ್ಲಿ ಮೂರು ಪಾಯಿಂಟ್ ಗೆರೆ (ಅದರ ಹಿಂದಿನಿಂದ ಹಾಕಿದರೆ ಎರಡರ ಬದಲು ಮೂರು) ರಿಂಗಿನಿಂದ 22 ಅಡಿ 1¾ ಇಂಚು. ಎನ್‌ಬಿಎಯಲ್ಲಿ ನೇರ ಎದುರಿಗೆ 23 ಅಡಿ 9 ಇಂಚು, ಮೂಲೆಗಳಲ್ಲಿ 22 ಅಡಿ. ಎದುರಿನಲ್ಲಿ 1 ಅಡಿ 7 ಇಂಚು ವ್ಯತ್ಯಾಸ. ಹಾಗಾಗಿ ಹುಡುಗ ಮೂರು ಪಾಯಿಂಟ್ ಹಾಕಿದೊಡನೆ ವಿಡಿಯೊ ನಿಲ್ಲಿಸಿ ಬೂಟು ನೋಡಿ. ಆ ಹುಡುಗರ ಬೂಟು ಹೆಚ್ಚುಕಮ್ಮಿ ಒಂದಡಿ ಉದ್ದ. ಗೆರೆಗೂ ಬೂಟಿನ ತುದಿಗೂ ನಡುವೆ ಇನ್ನೂ ಒಂದೂವರೆ ಬೂಟಿನಷ್ಟು ಜಾಗ ಇದ್ದರೆ ಆ ಹೊಡೆತ ಮೇಲೂ ಮೂರೇ. ಎದುರಿನಲ್ಲಿ ಗೆರೆಯಿಂದ ಬೆರಳಷ್ಟೇ ಹಿಂದೆ ನಿಂತಿದ್ದರೆ ಎನ್‌ಬಿಎಯಲ್ಲಿ ಅದು ಎರಡು. ಕಿರ್ದಿಯಲ್ಲಿ ನಾವು ಇವೆರಡನ್ನು ಬೇರೆ ಬೇರೆ ಕಲಮಿನಲ್ಲಿ ಬರೆಯುತ್ತೇವೆ. ಒಂದು ಸೀಸನ್‌ನ ನಾಲ್ಕು ಪಂದ್ಯ ಹೀಗೆ ಬರೆದರೆ ಹುಡುಗನ ನಿಜವಾದ ಅಳತೆ ಕೈಗೆ ಸಿಗುತ್ತದೆ.

ಗಡಿಯಾರ ಕೂಡ ಬೇರೆ. ಕಾಲೇಜಿನಲ್ಲಿ ಹೊಡೆಯಲು 30 ಸೆಕೆಂಡ್, ಮೇಲೆ 24. ಕಾಲೇಜಿನಲ್ಲಿ 20 ನಿಮಿಷದ ಎರಡು ಅರ್ಧ, ಐದು ಫೌಲಿಗೆ ಹೊರಗೆ. ಮೇಲೆ 12 ನಿಮಿಷದ ನಾಲ್ಕು ಕ್ವಾರ್ಟರ್, ಆರು ಫೌಲು. ಇನ್ನೊಂದು ನಿಯಮ ನಮ್ಮಲ್ಲಿ ಬಹಳ ಜನಕ್ಕೆ ಹೊಳೆಯುವುದಿಲ್ಲ. ಎನ್‌ಬಿಎಯಲ್ಲಿ ತಡೆಯುವ ಎತ್ತರದ ಆಟಗಾರ ಯಾರನ್ನೂ ಹತ್ತಿರದಿಂದ ಕಾಯದೆ ರಿಂಗ್ ಕೆಳಗಿನ ಬಣ್ಣದ ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಕಾಲೇಜಿನಲ್ಲಿ ಆ ಕಟ್ಟು ಇಲ್ಲ, ಅಲ್ಲೇ ಬೇರುಬಿಟ್ಟು ನಿಲ್ಲಬಹುದು. ಅದರಿಂದ ಕಾಲೇಜಿನಲ್ಲಿ ಒಳಗೆ ನುಗ್ಗಲಾರದ ಕೆಲವು ಚುರುಕು ಹುಡುಗರಿಗೆ ಮೇಲೆ ದಾರಿ ಅಗಲವಾಗುತ್ತದೆ. ಕಾಲೇಜಿನಲ್ಲಿ ರಿಂಗ್ ಕಾಯ್ದು ಹೆಸರು ಮಾಡಿದ ಎತ್ತರದವನು ಮೇಲೆ ಗೆರೆಯ ತನಕ ಓಡಿ ಬರಬೇಕಾಗುತ್ತದೆ. ಓಡಬಲ್ಲನೇ ಎಂದು ನೋಡಿ.

ಇದಕ್ಕೆ ಮಾಸ್ತರರು ಯಾವಾಗಲೂ ಕೊಡುವ ಉದಾಹರಣೆ 2006ರ ಮಾರ್ಚ್ 4ರ ಪಂದ್ಯ. ಡ್ಯೂಕ್‌ನ ಜೆಜೆ ರೆಡಿಕ್‌ಗೆ ತವರು ಅಂಗಳದಲ್ಲಿ ಕೊನೆಯ ಆಟ. ಕ್ಯಾಮರನ್ ಒಳಾಂಗಣ, 9,314 ಸೀಟು, ಕಾಲಿಡಲು ಜಾಗವಿಲ್ಲ. ಕ್ಯಾರೊಲೈನಾದ ಮೊದಲ ವರ್ಷದ ಹುಡುಗ ಟೈಲರ್ ಹ್ಯಾನ್ಸ್‌ಬ್ರೊ ಬಂದು ಆ ಹಬ್ಬ ಕೆಡಿಸಿದ, 83–76. ಅಷ್ಟೇ ಅಲ್ಲ, ಹ್ಯಾನ್ಸ್‌ಬ್ರೊ ನಾಲ್ಕು ವರ್ಷ ಓದಿದ, ನಾಲ್ಕೂ ವರ್ಷ ಡ್ಯೂಕ್ ಅಂಗಳದಲ್ಲಿ ಗೆದ್ದ. 2,872 ಪಾಯಿಂಟ್ ಗಳಿಸಿ ಕ್ಯಾರೊಲೈನಾದ ಇತಿಹಾಸದಲ್ಲೇ ಮೊದಲಿಗನಾದ, 2009ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ತಂದ. ನನ್ನ ಅಳಿಯನ ಕೋಣೆಯ ಗೋಡೆ ಮೇಲೆ ಇದ್ದದ್ದು ಅವನ ಚಿತ್ರವೇ. ಇಂಥವನು ಎನ್‌ಬಿಎಯಲ್ಲಿ ಏಳು ಸೀಸನ್ ಆಡಿದ. ಆ ರಾತ್ರಿ ಸೋತ ರೆಡಿಕ್ ಹದಿನೈದು ಸೀಸನ್ ಆಡಿದ.

ಯಾಕೆ? ಹ್ಯಾನ್ಸ್‌ಬ್ರೊನ ಬಲ ಅವನ ತೋಳಿನಲ್ಲಿ, ಅವನ ಹಟದಲ್ಲಿ. ಹತ್ತೊಂಬತ್ತು ಇಪ್ಪತ್ತರ ಹುಡುಗರ ನಡುವೆ ಅದು ಸಾಕಿತ್ತು. ಮೇಲೆ ಎಲ್ಲರ ತೋಳೂ ಅಷ್ಟೇ ಗಟ್ಟಿ, ಮೇಲಾಗಿ ಇನ್ನೂ ಎತ್ತರ. ರೆಡಿಕ್‌ನ ಬಲ ದೂರದ ಹೊಡೆತ. ಆಗ ಕಾಲೇಜು ಗೆರೆ 19 ಅಡಿ 9 ಇಂಚಿನಲ್ಲಿತ್ತು, ಅವನು ಅದಕ್ಕಿಂತ ಎಷ್ಟೋ ಹಿಂದೆ ನಿಂತು ಹೊಡೆಯುತ್ತಿದ್ದ. ಆ ಹೊಡೆತವನ್ನು ಅವನು ಹಾಗೇ ಮೇಲಕ್ಕೆ ಒಯ್ದ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಹೆಸರು ಡ್ಯಾನಿ ಗ್ರೀನ್. ಹ್ಯಾನ್ಸ್‌ಬ್ರೊ ಜೊತೆಗೇ ಸೇರಿ ಜೊತೆಗೇ ಮುಗಿಸಿದ ಹುಡುಗ. 2009ರ ಡ್ರಾಫ್ಟ್‌ನಲ್ಲಿ ಹ್ಯಾನ್ಸ್‌ಬ್ರೊ 13ನೆಯವ, ಗ್ರೀನ್ 46ನೆಯವ. ಮೊದಲ ತಂಡ ಒಂದೇ ವರ್ಷಕ್ಕೆ ಕೈಬಿಟ್ಟಿತು. ಕೆಳಗಿನ ಲೀಗಿಗೂ ಹೋಗಿ ಆಡಿ ಬಂದ. ಆಮೇಲೆ ಸ್ಯಾನ್ ಆಂಟೊನಿಯೊ ಜೊತೆ 2014ರಲ್ಲಿ, ಟೊರಾಂಟೊ ಜೊತೆ 2019ರಲ್ಲಿ, ಲಾಸ್ ಏಂಜಲಿಸ್ ಲೇಕರ್ಸ್ ಜೊತೆ 2020ರಲ್ಲಿ ಚಾಂಪಿಯನ್. ಅವನಿಗೆ ಗೊತ್ತಿದ್ದ ಕೆಲಸ ಎರಡೇ: ದೂರದಿಂದ ಹಾಕುವುದು, ಎದುರಿನ ಒಳ್ಳೆಯವನನ್ನು ತಡೆಯುವುದು. ಚೆಂಡು ಕೇಳದೆ ಮಾಡುವ ಕೆಲಸಗಳು. ನಾಲ್ಕು ವರ್ಷ ಅವನನ್ನು ನೋಡಿದವರಲ್ಲಿ ಎಷ್ಟು ಜನ ಇಪ್ಪತ್ತು ಪಾಳಿ ಅವನನ್ನೇ ನೋಡಿದ್ದರು ಎಂದು ನಾನು ಯೋಚಿಸುತ್ತಿರುತ್ತೇನೆ.

ಅಂಕಿಗಳಿಗೆ ಬರೋಣ. ಲೆಕ್ಕ ಬರೆಯುವವನಾಗಿ ನನಗೆ ಇದು ಇಷ್ಟದ ಭಾಗ, ಆದರೂ ಪಾಯಿಂಟ್‌ಗಳ ಸರಾಸರಿಯನ್ನು ಕೊನೆಗೆ ಬರೆಯುತ್ತೇನೆ. ಮೊದಲು ವಯಸ್ಸು. ತರಗತಿ ಬೇಡ, ಹುಟ್ಟಿದ ತಾರೀಖು ಬರೆಯಿರಿ. ಹತ್ತೊಂಬತ್ತರವನ 17 ಪಾಯಿಂಟೂ ಇಪ್ಪತ್ತಮೂರರವನ 17 ಪಾಯಿಂಟೂ ಒಂದೇ ಅಲ್ಲ. ಇಪ್ಪತ್ತಮೂರರವನು ತನಗಿಂತ ನಾಲ್ಕೈದು ವರ್ಷ ಚಿಕ್ಕವರ ಮೇಲೆ ಆಡುತ್ತಿದ್ದಾನೆ, ಕೊಳ್ಳುವ ತಂಡ ಅದನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಬಾಂಕೆರೊ 2022ರ ಆ ಪಂದ್ಯದಲ್ಲಿ 20 ಪಾಯಿಂಟ್, 10 ರಿಬೌಂಡ್ (ತಪ್ಪಿ ಪುಟಿದ ಚೆಂಡು ಹಿಡಿಯುವುದು) ಮಾಡಿದಾಗ ಅವನಿಗೆ ಹತ್ತೊಂಬತ್ತು. ಮುಂದಿನ ವರ್ಷವೇ ಎನ್‌ಬಿಎಯಲ್ಲಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದ.

ಆಮೇಲೆ ಫ್ರೀ ಥ್ರೋ. 15 ಅಡಿಯಿಂದ, ಯಾರೂ ಕೈ ಅಡ್ಡ ಹಿಡಿಯದೆ ಹೊಡೆಯುವ ಹೊಡೆತ. ಕೈಯ ಹದ ಎಷ್ಟಿದೆ ಎಂದು ಇದರಷ್ಟು ಚೆನ್ನಾಗಿ ಬೇರೆ ಅಂಕಿ ತೋರಿಸದು. ಕಾಲೇಜಿನಲ್ಲಿ ಮೂರು ಪಾಯಿಂಟ್ ಸರಿಯಾಗಿ ಬೀಳದಿದ್ದರೂ ಫ್ರೀ ಥ್ರೋ ನೂರಕ್ಕೆ 85ರ ಮೇಲಿದ್ದರೆ ಆ ಹುಡುಗ ಮುಂದೆ ದೂರದ ಹೊಡೆತ ಕಲಿಯುವ ಆಸೆ ಇಟ್ಟುಕೊಳ್ಳಬಹುದು. ರೆಡಿಕ್ ಕಾಲೇಜಿನಲ್ಲಿ ನೂರಕ್ಕೆ 91 ಹಾಕುತ್ತಿದ್ದ. ಒಂದೇ ಪಂದ್ಯದ ಎರಡು ಫ್ರೀ ಥ್ರೋ ಹಿಡಿದು ಮಾತಾಡಬೇಡಿ. ಸೀಸನ್‌ನಲ್ಲಿ ನೂರಾದರೂ ಹೊಡೆದಿರಬೇಕು, ಆಗ ಅಂಕಿಗೆ ತೂಕ.

ಮೂರು ಪಾಯಿಂಟ್‌ನಲ್ಲಿ ಎಷ್ಟು ಬಿದ್ದವು ಎಂಬುದರ ಜೊತೆ ಎಷ್ಟು ಹೊಡೆದ ಎಂಬುದನ್ನೂ ಬರೆಯಿರಿ. ಲವ್ ಆ ಸೀಸನ್‌ನಲ್ಲಿ ಎಲ್ಲ ಬಗೆಯ ಹೊಡೆತ ಸೇರಿ ನೂರಕ್ಕೆ 37ರಷ್ಟು ಹಾಕಿದ್ದ. ಆ ಅಂಕಿ ಸೀಸನ್ ಪೂರ್ತಿ ನಮ್ಮ ಕಣ್ಣೆದುರಿಗೇ ಇತ್ತು. 28 ಪಾಯಿಂಟಿನ ಬೆಳಗಿನಲ್ಲಿ ನನಗೆ ಕಾಣಲಿಲ್ಲ. ಚೆಂಡು ಆಡಿಸುವ ಗಾರ್ಡ್ ಆದರೆ ಅಸಿಸ್ಟ್ (ಪಾಯಿಂಟ್ ಆಗುವಂತೆ ಜೊತೆಗಾರನಿಗೆ ಕೊಟ್ಟ ಚೆಂಡು) ಎಷ್ಟು, ಟರ್ನೋವರ್ (ಕಳೆದುಕೊಂಡ ಚೆಂಡು) ಎಷ್ಟು ನೋಡಿ. ಒಂದು ಕಳೆದು ಎರಡು ಕೊಟ್ಟಿದ್ದರೆ ನೆಟ್ಟಗಿದ್ದಾನೆ. ಎತ್ತರವನ್ನು ಬೂಟಿಲ್ಲದೆ ಅಳೆದದ್ದನ್ನೇ ನಂಬಿ, ಮೇ ತಿಂಗಳಲ್ಲಿ ಶಿಕಾಗೊದ ಪರೀಕ್ಷಾ ಶಿಬಿರದಲ್ಲಿ ಆ ಅಳತೆ ಹೊರಬರುತ್ತದೆ. ಕಾಲೇಜಿನ ಪಟ್ಟಿಯಲ್ಲಿ ಒಂದೆರಡು ಇಂಚು ಸೇರಿರುವುದುಂಟು. ಎತ್ತರಕ್ಕಿಂತ ಚಾಚಿದ ಕೈಗಳ ಅಳತೆ ದೊಡ್ಡದು: ವಿಲಿಯಮ್ಸ್‌ನದು ಏಳೂವರೆ ಅಡಿ. ಅವನು ಎರಡು ಫ್ರೀ ಥ್ರೋ ತಪ್ಪಿಸಿಯೂ 15ನೆಯವನಾದದ್ದು ಆ ಕೈಗಳಿಂದ. ಕ್ಯಾರೊಲೈನಾದ ಆರ್‌ಜೆ ಡೇವಿಸ್ 2024ರಲ್ಲಿ ಇಡೀ ಕಾನ್ಫರೆನ್ಸ್‌ಗೆ, ಅಂದರೆ ಡ್ಯೂಕ್ ಕೂಡ ಇರುವ ಆ ತಂಡಗಳ ಗುಂಪಿಗೆ, ವರ್ಷದ ಆಟಗಾರನಾದ, ಆದರೆ ಆರಡಿ ಹುಡುಗ. ಬೇಕಾಟ್ 2022ರ ಆ ಡ್ಯೂಕ್ ಪಂದ್ಯದಲ್ಲಿ 21 ರಿಬೌಂಡ್ ಹಿಡಿದ, ಕ್ಯಾರೊಲೈನಾದ ಇತಿಹಾಸದಲ್ಲಿ ಅವನಷ್ಟು ರಿಬೌಂಡ್ ಹಿಡಿದವರಿಲ್ಲ, ಆದರೆ ದೂರದ ಹೊಡೆತವಿಲ್ಲ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಅವರಿಬ್ಬರೂ ಕೊಟ್ಟ ಸಂತೋಷ ಸಣ್ಣದಲ್ಲ.

ಬಾಗಿಲುಗಳ ವಿಷಯ. "ಡ್ರಾಫ್ಟ್ ಆದ, ಲೈಫ್ ಸೆಟ್ ಆಯ್ತು" ಎನ್ನುವ ಮಾತು ನಮ್ಮ ಕೋಣೆಯಲ್ಲೂ ಕೇಳುತ್ತಿತ್ತು. ಲೆಕ್ಕ ಹಾಕಿ ನೋಡಿ. ಮೊದಲ ದರ್ಜೆಯ ಕಾಲೇಜು ತಂಡಗಳು 350ಕ್ಕೂ ಹೆಚ್ಚು. ಬಹುಕಾಲ ತಂಡಕ್ಕೆ 13 ವಿದ್ಯಾರ್ಥಿವೇತನ ಇತ್ತು, ಅಂದರೆ ನಾಲ್ಕೂವರೆ ಸಾವಿರ ಹುಡುಗರು. ಡ್ರಾಫ್ಟ್‌ನಲ್ಲಿ ಎರಡು ಸುತ್ತು, ಒಟ್ಟು 60 ಆಯ್ಕೆ, ಕೆಲವು ವರ್ಷ ದಂಡ ಬಿದ್ದು ಒಂದೆರಡು ಕಡಿಮೆ. ಅದರಲ್ಲೂ ಬೇರೆ ದೇಶಗಳ ಹುಡುಗರು ಪಾಲು ಕೇಳುತ್ತಾರೆ. ಮೊದಲ ಸುತ್ತಿನ 30 ಜನರಿಗೆ ಎರಡು ವರ್ಷದ ಸಂಬಳ ಖಾತ್ರಿ, ಮೂರು ಮತ್ತು ನಾಲ್ಕನೇ ವರ್ಷ ತಂಡದ ಇಷ್ಟ. ಎರಡನೇ ಸುತ್ತಿನವರಿಗೆ ಯಾವ ಖಾತ್ರಿಯೂ ಇಲ್ಲ. ಡ್ಯೂಕ್‌ನ ಕೀಲ್ಸ್ 42ನೆಯವನಾಗಿ ಹೋದವನು ತನ್ನ ಮೊದಲ ಎನ್‌ಬಿಎ ಸೀಸನ್‌ನಲ್ಲಿ ಮೂರೇ ಪಂದ್ಯಕ್ಕೆ ಇಳಿದ. ನಮ್ಮ ದೇಶದ ಸತ್ನಾಮ್ ಸಿಂಗ್, ಪಂಜಾಬಿನ ಹಳ್ಳಿಯ ಏಳಡಿ ಎರಡಿಂಚಿನ ಹುಡುಗ, 2015ರಲ್ಲಿ ಡಲ್ಲಾಸ್ ತಂಡಕ್ಕೆ 52ನೇ ಆಯ್ಕೆಯಾದಾಗ ಮಾಸ್ತರರು ಬೆಲ್ಲ ಹಂಚಿದ್ದರು. ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದ ಮೊದಲಿಗ ಅವನು. ಎನ್‌ಬಿಎ ಸೀಸನ್‌ನ ಒಂದು ಪಂದ್ಯವೂ ಅವನಿಗೆ ಸಿಗಲಿಲ್ಲ.

ಹೆಸರು ಬಾರದವರಿಗೂ ಒಂದು ಕಿಂಡಿ ಇದೆ. ಟೂ-ವೇ ಕರಾರು, ಪ್ರತಿ ತಂಡಕ್ಕೆ ಮೂರು. ಕೆಳಗಿನ ಜಿ ಲೀಗ್‌ನಲ್ಲಿ ಆಡುತ್ತ, ಕರೆದಾಗ ಮೇಲಿನ ತಂಡಕ್ಕೂ 50 ಪಂದ್ಯದವರೆಗೆ ಬರಬಹುದು. ಅದೂ ಇಲ್ಲದಿದ್ದರೆ ಯುರೋಪ್, ಆಸ್ಟ್ರೇಲಿಯಾ, ಚೀನಾ. ಅಲ್ಲಿ ಹತ್ತು ವರ್ಷ ಆಡಿ ಮನೆ ಕಟ್ಟಿಸಿದವರನ್ನು ಸೋತವರೆಂದು ನಾನು ಕರೆಯಲಾರೆ. ಕಿರ್ದಿಯಲ್ಲಿ ಅದಕ್ಕೂ ಒಂದು ಕಲಮು ಇಡಿ.

"ಇನ್ನೊಂದು ವರ್ಷ ಇರಬೇಕಿತ್ತು", "ಹೋಗಿಬಿಡಬೇಕಿತ್ತು" ಎಂದು ಜಗಳವಾಡುವ ಮುನ್ನ ಹಣದ ಹೊಸ ಲೆಕ್ಕವೂ ತಿಳಿದಿರಲಿ. 2021ರ ಜುಲೈನಿಂದ ಕಾಲೇಜು ಹುಡುಗರು ತಮ್ಮ ಹೆಸರು, ಮುಖ ಮಾರಿ ಜಾಹೀರಾತಿನಿಂದ ಗಳಿಸಬಹುದು. 2025ರ ಜುಲೈ 1ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಕೊಡಬಹುದು, ಮೊದಲ ವರ್ಷ ಎಲ್ಲ ಆಟ ಸೇರಿ ಒಂದು ಸಂಸ್ಥೆಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಹಾಗಾಗಿ ಎರಡನೇ ಸುತ್ತಿನ ಅಂಚಿನಲ್ಲಿರುವ ಹುಡುಗ ಕಾಲೇಜಿನಲ್ಲೇ ಉಳಿದರೆ ಅದು ಹೆದರಿಕೆಯಿಂದಲೇ ಇರಬೇಕಿಲ್ಲ. ಡ್ರಾಫ್ಟ್‌ಗೆ ಹೆಸರು ಕೊಟ್ಟವರು ಪರೀಕ್ಷಾ ಶಿಬಿರ ಮುಗಿದ ಹತ್ತು ದಿನದೊಳಗೆ ಹಿಂದೆ ಪಡೆದರೆ ಮತ್ತೆ ಕಾಲೇಜಿಗೆ ಆಡಬಹುದು. ಆ ತಾರೀಖಿಗೆ ಮುಂಚೆ ನಮ್ಮಲ್ಲಿ ಯಾರೂ "ಹೋದ" ಎಂದು ಬರೆಯುವುದಿಲ್ಲ. ಲವ್ 2022ರಲ್ಲಿ ಉಳಿದ. ಮುಂದಿನ ಸೀಸನ್ ಶುರುವಾಗುವ ಮುಂಚೆ ಕ್ಯಾರೊಲೈನಾವನ್ನು ದೇಶಕ್ಕೇ ಮೊದಲ ಸ್ಥಾನದಲ್ಲಿ ಇಟ್ಟಿದ್ದರು, ಮಾರ್ಚ್‌ನಲ್ಲಿ ಟೂರ್ನಿಗೆ ಕರೆಯೇ ಬರಲಿಲ್ಲ. ಒಂದು ಗೆಲುವಿನ ಮೇಲೆ ಕಟ್ಟಿದ ಎಣಿಕೆ ಅಲ್ಲೂ ಹಾಗೇ ಕುಸಿದಿತ್ತು. ಲವ್ ಅರಿಜೋನಾಕ್ಕೆ ಹೋಗಿ ಇನ್ನೆರಡು ವರ್ಷ ಆಡಿದ.

ಕೋಣೆಯಲ್ಲಿ ಮಾತಾಡುವ ರೀತಿಗೂ ನಾವು ಕಟ್ಟು ಮಾಡಿಕೊಂಡಿದ್ದೇವೆ. ಮೊದಲು ಎದುರಿನ ತಂಡದ ಹುಡುಗನ ಬಗ್ಗೆ ಹೇಳಬೇಕು. ಕ್ಯಾರೊಲೈನಾ ಗೆದ್ದರೆ ನಾನು ಡ್ಯೂಕ್‌ನವನ ಗುಣ ಬರೆಯಬೇಕು, ಡ್ಯೂಕ್ ಗೆದ್ದರೆ ಮಾಸ್ತರರು ನಮ್ಮವನದು. ಶುರುವಿನಲ್ಲಿ ಕಷ್ಟವಾಯಿತು, ಈಗ ಅದೇ ಬೆಳಗಿನ ಹೆಚ್ಚು ಖುಷಿಯ ಹೊತ್ತು. 2019ರ ಫೆಬ್ರವರಿಯಲ್ಲಿ ಡ್ಯೂಕ್‌ನ ಜಯಾನ್ ವಿಲಿಯಮ್ಸನ್‌ನ ಬೂಟು ಹರಿದು ಅವನು 36 ಸೆಕೆಂಡಿಗೇ ಹೊರಗೆ ಹೋದಾಗ, ಕ್ಯಾರೊಲೈನಾ 88–72ಕ್ಕೆ ಗೆದ್ದಿತು. ಆಗ ನಮ್ಮಲ್ಲಿ ಒಬ್ಬ "ಅವನ ಕಥಿ ಮುಗೀತು" ಎಂದು ಕುಣಿದಿದ್ದ. ನಾಲ್ಕು ತಿಂಗಳಿಗೆ ಅದೇ ಹುಡುಗ ಡ್ರಾಫ್ಟ್‌ನ ಮೊದಲನೆಯವ. ಗಾಯಗೊಂಡ ಹುಡುಗನ ಮೇಲೆ ಕುಣಿದದ್ದು ಆಮೇಲೆ ಎಲ್ಲರಿಗೂ ಕೆಟ್ಟೆನಿಸಿತು. ಈಗ ಗಾಯದ ದಿನ ಭವಿಷ್ಯದ ಮಾತೇ ಇಲ್ಲ. ಹುಡುಗರ ತಾಯಿ ತಂದೆ ಕೇಳುತ್ತಿದ್ದಾರೆ ಎಂದುಕೊಂಡೇ ಮಾತಾಡುವುದು. ಅಳಿಯ ಹೇಳುತ್ತಿದ್ದ, "ಮಾಮಾ, ನಮ್ಮ ಲೈಬ್ರರಿಯೊಳಗ ಇಂಥಾ ಹುಡುಗ್ರು ಬಾಜೂಕ ಕೂತು ಓದ್ತಾರ, ನಮ್ಮಂಗೇ ಪರೀಕ್ಷಾಕ್ಕ ಹೆದರ್ತಾರ."

ಈ ಪದ್ಧತಿಯನ್ನು ಇಲ್ಲಿಯ ಅಂಗಳಕ್ಕೂ ತಂದಿದ್ದೇವೆ. ಮಾಸ್ತರರು ಸಂಜೆ ಹೊತ್ತು ಸಿಮೆಂಟ್ ಅಂಗಳದಲ್ಲಿ ಏಳೆಂಟು ಹುಡುಗರಿಗೆ ಕಲಿಸುತ್ತಾರೆ. ಏಪ್ರಿಲ್, ಮೇನಲ್ಲಿ ನಲವತ್ತು ಡಿಗ್ರಿ ದಾಟುವುದರಿಂದ ಆರು ಗಂಟೆಗೆ ಮುಂಚೆ ಅಂಗಳಕ್ಕೆ ಕಾಲಿಡಲಾಗದು. ಅವರಲ್ಲಿ ಹದಿನಾರರ ಒಬ್ಬ, ಆರಡಿ ದಾಟಿದವ, ರಿಂಗ್ ಕೆಳಗೆ ನಿಂತೇ ಪಾಯಿಂಟ್ ಹಾಕುತ್ತಿದ್ದ. ಅಂತರ ಕಾಲೇಜು ಪಂದ್ಯ ಗೆಲ್ಲಿಸಿದ ದಿನ ಎಲ್ಲರೂ ಅವನನ್ನು ಹೊತ್ತರು. ಮಾಸ್ತರರು ಮರುದಿನ ಕರೆದು ಹೇಳಿದರು: "ಇಲ್ಲಿ ನೀನೇ ಎತ್ತರ ಅದಿ. ಬೆಂಗಳೂರಿಗೆ ಹೋದ್ರ ನಿನ್ನಷ್ಟು ಎತ್ತರದವ್ರು ಚೆಂಡ ಆಡಸ್ತಾರ. ನಾಳಿಂದ ಗೆರಿ ಹಿಂದ ನಿಂತು ದಿನಾ ನೂರು ಹೊಡಿ, ಬರದು ನನಗ ತೋರ್ಸು." ಹುಡುಗ ಮುಖ ಸಣ್ಣದು ಮಾಡಿಕೊಂಡ, ಆದರೂ ಬರೆಯುತ್ತಿದ್ದಾನೆ. ಮೊದಲ ವಾರ ನೂರಕ್ಕೆ 19, ಹೋದ ವಾರ 31.

ಕೊನೆಯದಾಗಿ, ಬರೆದ ಪುಟ ಹರಿಯಬೇಡಿ. ಮೂರು ವರ್ಷಕ್ಕೊಮ್ಮೆ ತೆರೆದು ಪಕ್ಕದಲ್ಲಿ ಆದದ್ದನ್ನು ಬರೆಯಿರಿ. 2025ರ ಜೂನ್‌ನಲ್ಲಿ, ಡ್ರಾಫ್ಟ್‌ನ 59 ಹೆಸರೂ ಮುಗಿದ ಬೆಳಿಗ್ಗೆ, ಮಾಸ್ತರರು ಚಹಾ ಕುಡಿಯುತ್ತ ಯುಗಾದಿ ಮರುದಿನದ ಪುಟ ತೆಗೆಸಿದರು. "ಕೇಲೆಬ್ ಲವ್, ಮೊದಲ ಹತ್ತರೊಳಗೆ" ಎಂದಿತ್ತು, ನನ್ನದೇ ಅಕ್ಷರ. ಮುಂದೆ ಬರೆದೆ: ಹೆಸರು ಬರಲಿಲ್ಲ. ಆಮೇಲೆ ಪೋರ್ಟ್‌ಲ್ಯಾಂಡ್ ತಂಡ ಟೂ-ವೇ ಕರಾರು ಕೊಟ್ಟಿತೆಂದು ಅಳಿಯ ಫೋನ್ ಮಾಡಿದಾಗ ಅದನ್ನೂ ಸೇರಿಸಿದೆ. ಗೆರೆ ಎಳೆದು ಖಾತೆ ಮುಚ್ಚಲು ಸ್ಕೇಲ್ ಎತ್ತಿಕೊಂಡೆ. ಮಾಸ್ತರರು ಕೈ ಹಿಡಿದರು. "ಇನ್ನೂ ಆಡ್ಲಿಕತ್ತಾನಲ್ಲೋ ತಮ್ಮಾ. ಜಾಗಾ ಬಿಡು."

ಆ ಸಾಲಿನ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ.